ಆ ದನಿ ನನ್ನದಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ದೊಡ್ಡಮ್ಮನ ಕಡೆಗೆ ಇದ್ದದ್ದು ಒಂದೇ ಒಂದು ಸಾಕ್ಷಿ, ನನ್ನ ಮೊಬೈಲಿನಲ್ಲಿದ್ದ ಎರಡು ನಿಮಿಷದ ವಿಡಿಯೊ. ಆ ವಿಡಿಯೊವನ್ನು ಯಾರೂ ನಂಬದ ಹಾಗೆ ಮಾಡಿದವನು ನಾನು. ಪೊಲೀಸರು ಮಾಡಲಿಲ್ಲ, ಎದುರು ಪಾರ್ಟಿಯವರೂ ಮಾಡಲಿಲ್ಲ. ಅವರು ತಲೆ ಕೆಡಿಸಿಕೊಳ್ಳುವುದಕ್ಕೆ ಮುಂಚೆಯೇ, ಬಿಟ್ಟಿಯಾಗಿ, ನಾನೇ ಮಾಡಿ ಮುಗಿಸಿದ್ದೆ.

ವಿಡಿಯೊ ತೆಗೆಯುವುದಕ್ಕೆ ಒಂದು ತಿಂಗಳು ಮುಂಚೆ ಕಳಲೆ ಕಡೆ ಒಂದು ಬೀಗರೂಟಕ್ಕೆ ಹೋಗಿದ್ದೆ. ಎಲೆಗೆ ಮುದ್ದೆ ಬಂದಿತ್ತು, ಸಾರು ಬಂದಿರಲಿಲ್ಲ. ಮುದ್ದೆ ನೋಡಿಕೊಂಡು ಕೂತ ಪಂಕ್ತಿಯಲ್ಲಿ ಯಾರೋ "ಲೇ, ಸುಮ್ಕೆ ಕುಂತಿದ್ದೀಯಲ್ಲ, ಏನಾರ ಮಾಡ್ಲಾ" ಅಂದರು. ಯಾರಾದರೂ ಹಾಗನ್ನಲಿ ಎಂದೇ ನಾನು ಬೀಗರೂಟಗಳಿಗೆ ಹೋಗುವುದು. ಎದ್ದು ನಿಂತು ನಮ್ಮ ಕಡೆಯ ಪೊಲೀಸ್ ಠಾಣೆಯೊಂದರ ಹೆಡ್ ಕಾನ್‌ಸ್ಟೇಬಲ್ ದನಿ ತೆಗೆದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಹೇಳಿದರೆ ಅದರ ಬೋರ್ಡಿನ ದನಿಯನ್ನೂ ಅನುಕರಣೆ ಮಾಡಿದೆ ಎಂದು ಕರೆಸಿಯಾರು.

ಆ ಹೆಡ್ಡಿನ ದನಿ ಯಾವ ಮಿಮಿಕ್ರಿಯವನಿಗಾದರೂ ಹಬ್ಬ. ಮಾತಿಗೆ ಮುಂಚೆ ಗಂಟಲಿನಲ್ಲಿ ಬಾವಿಯಿಂದ ಬಿಂದಿಗೆ ಎಳೆದಂಥ ಸದ್ದು. ಆಮೇಲೆ ಮಾತು ಮೂಗಿನಲ್ಲಿ ಹುಟ್ಟಿ ಎದೆಯಲ್ಲಿ ಮುಗಿಯುತ್ತದೆ. ನಡುನಡುವೆ ಬಾಲ್‌ಪೆನ್ನಿನ ಟಿಕ್ ಟಿಕ್. ನನ್ನ ಆಟದಲ್ಲಿ ಒಬ್ಬ ರೈತ ಸೈಕಲ್ ಕಳೆದುಹೋಗಿದೆ ಎಂದು ದೂರು ಕೊಡಲು ಬರುತ್ತಾನೆ. ಹೆಡ್ಡು ಕೇಳುತ್ತಾರೆ, "ಎಲ್ಲಿ ಸೈಕಲ್ಲು? ಕರ್ಕಂಬಾ. ಅದ್ರ ಏಳ್ಕೆ ತಕ್ಕಳ್ದೆ ನಾನ್ ಯಂಗ್ಲಾ ಕಂಪ್ಲೇಂಟ್ ಬರ್ಕಳ್ಳದು?" ಪಂಕ್ತಿ ಬಿದ್ದುಬಿದ್ದು ನಕ್ಕಿತು. ಸಾರು ಬಂದರೂ ನಗು ನಿಲ್ಲಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಪ್ಪಿಗೆ ಬಿಟ್ಟರು. ಅದು ನಂಜನಗೂಡು ಸುತ್ತಿ, ತಿ. ನರಸೀಪುರ ಸುತ್ತಿ, ಮೂರನೇ ದಿನಕ್ಕೆ ಆ ಠಾಣೆಯ ಒಳಗೇ ಹೋಗಿ ಕೂತಿತು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಕತ್ತೆಯೂ ಒಮ್ಮೊಮ್ಮೆ ಹಾಗೆ ಓಡಾಡುತ್ತದೆ.

ಮಿಮಿಕ್ರಿ ನನ್ನ ಕಸುಬಲ್ಲ, ಚಟ. ಕಸುಬು ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಸಾಲಿನಲ್ಲಿ ಮೊಬೈಲ್ ರಿಪೇರಿ. ಮನೆ ನಂಜನಗೂಡು. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರನ ದನಿ ಕದಿಯುತ್ತೇನೆ, ಸಂಜೆಯ ಬಸ್ಸಿನಲ್ಲಿ ಅವನಿಗೇ ಹಿಂತಿರುಗಿಸುತ್ತೇನೆ. ನನ್ನದು ಅಂತ ಒಂದು ದನಿ ಇದೆಯೇ ಎಂಬುದು ನನಗೇ ಅನುಮಾನ. ನಾನು ಫೋನ್ ಮಾಡಿದರೆ ನಮ್ಮಮ್ಮ "ಯಾರು?" ಅನ್ನುತ್ತಾಳೆ. "ನಾನೇ ಕಣಮ್ಮ" ಅಂದರೆ "ನೀನೇ ಅಂತ ಏನ್ ಗ್ಯಾರಂಟಿ? ಬೆಳಿಗ್ಗೆ ಏನ್ ತಿಂದ್ಕಂಡ್ ಹೋದೆ ಹೇಳು" ಎಂದು ಪರೀಕ್ಷೆ ಮಾಡುತ್ತಾಳೆ. ಹೆತ್ತವಳ ಕತೆಯೇ ಹೀಗೆ. ಇನ್ನು ಇಲಾಖೆಯವರನ್ನು ಅಂದು ಏನು ಪ್ರಯೋಜನ?

ಅಂಗಡಿಯಲ್ಲಿ ಕೂತವನಿಗೆ ಒಂದು ವಿಷಯ ಗೊತ್ತಾಗುತ್ತದೆ. ಈಗ ಎಲ್ಲರ ಮೊಬೈಲಿನೊಳಗೂ ಒಬ್ಬೊಬ್ಬ ಸರ್ಕಾರಿ ನೌಕರ ಸಿಕ್ಕಿಹಾಕಿಕೊಂಡಿದ್ದಾನೆ. ಒಬ್ಬನ ಫೋನಿನಲ್ಲಿ ಹನ್ನೆರಡು ಗಂಟೆಯಾದರೂ ಖಾಲಿ ಇರುವ ಕುರ್ಚಿ, ಮೇಲೆ ತಿರುಗುವ ಫ್ಯಾನು. ಇನ್ನೊಬ್ಬಳ ಫೋನಿನಲ್ಲಿ ರೇಷನ್ ಅಂಗಡಿಯ ತಕ್ಕಡಿ. ಡಿಸ್ಪ್ಲೇ ಒಡೆದು ಬಂದವರು "ಫೋನ್ ಹೋದ್ರೆ ಹೋಗ್ಲಿ, ಆ ವಿಡಿಯೊ ಒಂದ್ ಉಳಿಸ್ಕೊಡಿ" ಎಂದು ಕೈ ಮುಗಿಯುತ್ತಾರೆ. ಅದೇ ಬೆಂಚಿನ ಮೇಲೆ ಆಫೀಸಿನವರೂ ಬಂದು ಕೂರುತ್ತಾರೆ. ಅವರ ಫೋನಿನಲ್ಲಿ ಜನರು ಕಿರುಚಾಡಿದ ವಿಡಿಯೊ. ಮೈಸೂರಿಗೆ ಹೋದರೆ ಟ್ರಾಫಿಕ್‌ನವರ ಎದೆಯ ಮೇಲೇ ಕ್ಯಾಮೆರಾ. ಇವರನ್ನು ಅವರು, ಅವರನ್ನು ಇವರು. ನಾನು ನಡುವೆ ಸ್ಕ್ರೂ ಬಿಚ್ಚುತ್ತಾ ಯಾರನ್ನು ನಂಬುವುದೋ ತಿಳಿಯದೆ ಇಬ್ಬರ ದನಿಯನ್ನೂ ಕಲಿಯುತ್ತಿದ್ದೆ.

ಇನ್ನು ದೊಡ್ಡಮ್ಮ. ನಮ್ಮಮ್ಮನ ಅಕ್ಕ. ಹೆಮ್ಮರಗಾಲದ ಆಚೆ ಒಂದು ಹಳ್ಳಿಯಲ್ಲಿದ್ದಾಳೆ. ದೊಡ್ಡಪ್ಪ ಇಲ್ಲ. ನಾಲೆ ಪಕ್ಕ ಒಂದು ಎಕರೆ ಗದ್ದೆ, ಅವಳೇ ಮಾಡಿಸುತ್ತಾಳೆ. ಪಕ್ಕದ ಗದ್ದೆ ದೊಡ್ಡಪ್ಪನ ದಾಯಾದಿಯದು. ಎರಡಕ್ಕೂ ನಡುವೆ ಬದು, ಬದುವಿನ ತುದಿಯಲ್ಲಿ ಸರ್ವೆಯವರು ನೆಟ್ಟ ಬಾಂದುಕಲ್ಲು. ಒಂದು ಸೋಮವಾರ ಬೆಳಿಗ್ಗೆ ಅವಳು ಗದ್ದೆಗೆ ಹೋದಾಗ ಕಲ್ಲು ಇರಲಿಲ್ಲ. ಬದುವನ್ನು ಕಡಿದು, ಒಂದು ಮಾರು ಇವಳ ಕಡೆಗೆ ಸರಿಸಿ ಹೊಸದಾಗಿ ಕಟ್ಟಿದ್ದರು. ಮಣ್ಣು ಇನ್ನೂ ಹಸಿಯಾಗಿತ್ತು.

"ಕಲ್ಲ ಕಿತ್ತವ್ರೆ ಕಣ್ಲಾ. ಬಾ, ಟೇಸನ್‌ಗೆ ಓಗವ" ಎಂದು ನನಗೆ ಫೋನ್ ಬಂತು.

ಅಂಗಡಿ ಮುಚ್ಚಿ ಹೋದೆ. ಗದ್ದೆಯಲ್ಲಿ ನಿಂತು ನಾನು ಮೊದಲು ಅನುಮಾನಪಟ್ಟದ್ದು ದಾಯಾದಿಯನ್ನಲ್ಲ.

"ನಿಜ ಹೇಳು ದೊಡ್ಡಮ್ಮ. ಅವ್ನ ಮೇಲೆ ಹಾಕಕ್ಕೆ ಅಂತ ಕಲ್ಲನ್ನ ನೀನೇ ಏನಾದ್ರೂ..."

"ನನ್ ಕಲ್ಲ ನಾನೇ ಕಿತ್ಕಂಡು ತಲೆದಿಂಬು ಮಾಡ್ಕಂಡಿವ್ನೇನ್ಲಾ? ಫೋಟ ತಗಿ ಅಂದ್ರೆ ಪಂಚಾಯ್ತಿ ಮಾಡ್ತನೆ!"

ಫೋಟೊ ತೆಗೆದೆ. ಗುಂಡಿ ಬಂತು. ಎಷ್ಟು ಹತ್ತಿರ ಹೋಗಿ ತೆಗೆದರೂ ಅದು ಗುಂಡಿಯಾಗಿಯೇ ಇತ್ತು. ಇಲ್ಲದ ಕಲ್ಲನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಯಿ ಕೆರೆದ ಗುಂಡಿಯೂ ಫೋಟೊದಲ್ಲಿ ಹಾಗೆಯೇ ಬರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಠಾಣೆಗೆ ಹೋದೆವು. ಬಾಗಿಲ ಮೇಲೆ ಸಿಸಿಟಿವಿ, ಅದರ ಕೆಳಗೆ "ನೀವು ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ" ಎಂಬ ಬೋರ್ಡು. ಕ್ಯಾಮೆರಾದ ಪಕ್ಕ ಕೆಂಪು ದೀಪ ಉರಿಯುತ್ತಿತ್ತು. ಅಭ್ಯಾಸಬಲದಿಂದ ಕ್ರಾಪು ಸರಿಮಾಡಿಕೊಂಡು ಒಳಗೆ ಹೋದೆ. ಮೇಜಿನ ಹಿಂದೆ ಸಾಕ್ಷಾತ್ ಅದೇ ಹೆಡ್ಡು. ದೊಡ್ಡಮ್ಮನನ್ನು ಬಿಟ್ಟು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇ ಅಲ್ವೇನ್ಲಾ ನನ್ ವಾಯ್ಸು?"

"ಇಲ್ಲ ಸಾ" ಅಂದೆ. ಅದನ್ನು ಯಾರ ದನಿಯಲ್ಲಿ ಅಂದೆನೋ ತಿಳಿಯದು. ನನ್ನ ಸಂಗ್ರಹದಲ್ಲಿ ಅಷ್ಟು ಸಣ್ಣ ದನಿ ಇರಲಿಲ್ಲ.

ಅವರು ಪೆನ್ನು ಟಿಕ್ ಅನ್ನಿಸಿದರು. ಆ ಟಿಕ್ ಕೇಳಿದ್ದೇ ನನಗೆ ಅನುಮಾನ ಶುರುವಾಯಿತು. ಈ ಮನುಷ್ಯ ನನ್ನ ಮೇಲಿನ ಸಿಟ್ಟನ್ನು ಈಯಮ್ಮನ ಮೇಲೆ ತೀರಿಸಿಕೊಂಡರೆ? ಮೆಸೇಜ್ ನೋಡುವವನ ಹಾಗೆ ತಲೆ ಬಗ್ಗಿಸಿ, ಫೋನನ್ನು ಹೊಟ್ಟೆಯ ಹತ್ತಿರ ಹಿಡಿದು, ವಿಡಿಯೊ ಒತ್ತಿದೆ. ಕ್ಯಾಮೆರಾ ನೆಲ ನೋಡುತ್ತಿತ್ತು. ಎರಡು ನಿಮಿಷದಲ್ಲಿ ಅದು ಕಂಡದ್ದು ಇಷ್ಟು: ಸಿಮೆಂಟು ನೆಲ, ಮೇಜಿನ ಕಾಲು, ಒಂದು ಜೊತೆ ಕಂದು ಬೂಟು, ಎದುರಿಗೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ. ಕೇಳಿದ್ದು ಫ್ಯಾನು. ಠಾಣೆಯ ಆ ಫ್ಯಾನು ತಿರುಗುತ್ತಿರಲಿಲ್ಲ, ಅರೆಯುತ್ತಿತ್ತು. ಅದರ ಅಡಿಯಲ್ಲಿ ಹೆಡ್ಡಿನ ದನಿ.

ಸಾಹೇಬರಿಲ್ಲ, ಇವತ್ತು ದೂರು ತೆಗೆದುಕೊಳ್ಳುವುದಿಲ್ಲ, ಇದು ಅವರ ಮಾತಿನ ಸಾರಾಂಶ. ಬಂದದ್ದಕ್ಕೆ ಒಂದು ಚೀಟಿಯನ್ನಾದರೂ ಕೊಡಿ ಅಂತ ದೊಡ್ಡಮ್ಮ ಕೇಳಿದಳು. ಪೆನ್ನು ಟಿಕ್ ಅಂದಿತು, ಚೀಟಿ ಬರಲಿಲ್ಲ.

ಮಂಗಳವಾರ ದೊಡ್ಡಮ್ಮ ಠಾಣೆಯ ಬದಲು ಗದ್ದೆಗೆ ಹೋದಳು. ದಾಯಾದಿ ಹೊಸ ಬದುವಿನ ಮೇಲೆ ನಿಂತು ನೀರು ಕಟ್ಟುತ್ತಿದ್ದ. ಇವಳು ಬಾಯಿ ತೆರೆದಳು. ದೊಡ್ಡಮ್ಮನ ಬಾಯಿಗೆ ಯಾವ ವಿಡಿಯೊದ ಸಾಕ್ಷಿಯೂ ಬೇಡ, ನಾಲೆಯ ಆಚೆ ದಡದಲ್ಲಿದ್ದವರೆಲ್ಲ ಸಾಕ್ಷಿ. ಬುಧವಾರ ಬೆಳಿಗ್ಗೆ ಅವನು ಠಾಣೆಗೆ ಹೋಗಿ, ಇವಳು ಕುಡುಗೋಲು ಹಿಡಿದು ಕಡಿಯಲು ಬಂದಳು ಎಂದು ದೂರು ಕೊಟ್ಟ. ಅವನಿಗೆ ಚೀಟಿ ಸಿಕ್ಕಿತು. ನಮಗೆ ಫೋನ್ ಬಂತು, ಬಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಿ ಎಂದು.

ಹೆಡ್ಡು ಮುಚ್ಚಳಿಕೆಯನ್ನು ಆಗಲೇ ಬರೆದಿಟ್ಟಿದ್ದರು. ನಾನು ಓದಿ ಹೇಳಿದೆ: ಇನ್ನು ಮುಂದೆ ಜಗಳ ತೆಗೆಯುವುದಿಲ್ಲ, ಅವರ ಜಮೀನಿನ ತಂಟೆಗೆ ಹೋಗುವುದಿಲ್ಲ. ದೊಡ್ಡಮ್ಮನಿಗೆ ಓದು ಬರದು. ಆದರೆ ಅವಳು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

"ಅವ್ರ ಜಮೀನು ಅಂದ್ರೆ ಎಲ್ಲೀಗಂಟ?"

ಹೆಡ್ಡು ಪೆನ್ನು ನಿಲ್ಲಿಸಿದರು. "ಅದೆಲ್ಲ ಸರ್ವೆಯೋರ್ ಕೆಲ್ಸ. ಎಬ್ಬೆಟ್ ಒತ್ತಿ ಅಷ್ಟೇ."

"ಒತ್ತಿದ್ರೆ ಹೊಸ ಬದೂಗಂಟ ಅವ್ನದೇ ಅಂತ ನಾನೇ ಒಪ್ಕಂಡಂಗಲ್ವಾ? ಕಲ್ಲ ಕಿತ್ತೋನು ಅವ್ನು, ಎಬ್ಬೆಟ್ಟು ನಂದಾ?"

"ಸೋಮವಾರ ಕಲ್ಲ ಕಿತ್ತಿದ್ರೆ ಸೋಮವಾರಾನೇ ಬಂದು ದೂರು ಕೊಡ್ಬೇಕಿತ್ತು. ಅವ್ರು ಕೊಟ್ಟ ಮ್ಯಾಕೆ ನೀವು ಕತೆ ಕಟ್ಕಂಡು ಬಂದ್ರೆ?"

"ಸೋಮವಾರಾನೇ ಬಂದಿದ್ನಲ್ಲಪ್ಪಾ!"

"ಯಾವಾಗ? ಸೋಮವಾರ ಇಲ್ಲಿಗ್ ಯಾರೂ ಬಂದಿಲ್ಲ."

ಎಲ್ಲ ನಿಂತದ್ದು ಅದೊಂದರ ಮೇಲೆ. ಅವಳು ಸೋಮವಾರ ಬಂದದ್ದು ನಿಜವೆಂದಾದರೆ ಅವಳ ದೂರು ಮೊದಲನೆಯದು, ಕಲ್ಲನ್ನು ಸರ್ವೆಯವರು ಬಂದು ಹುಡುಕಬೇಕು. ಬರಲೇ ಇಲ್ಲವೆಂದಾದರೆ ಅವಳು ಕುಡುಗೋಲಿನವಳು, ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿ ಒಂದು ಮಾರು ಗದ್ದೆಯನ್ನೂ ಮಾನವನ್ನೂ ಬಿಟ್ಟು ಮನೆಗೆ ಹೋಗಬೇಕು.

ಆಗ ನಾನು ಎದ್ದೆ. ಎಷ್ಟು ಗತ್ತಿನಿಂದ ಎದ್ದೆನೆಂದರೆ ಕುರ್ಚಿ ಹಿಂದಕ್ಕೆ ಬಿತ್ತು. "ಸಾ, ಇಲ್ನೋಡಿ" ಎಂದು ವಿಡಿಯೊ ಹಾಕಿದೆ. ಹೆಡ್ಡಿನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ನಾನು ಕಂಡದ್ದು ನಿಜ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಇಬ್ಬರು ಪೇದೆಗಳು ಇಣುಕಿದರು. ಒಬ್ಬ ದನಿ ಕೇಳಿ ಹಲ್ಲು ಕಿರಿದ.

"ಸಾ, ನಿಮ್ ಸೈಕಲ್ ವಿಡಿಯೊ ಪಾರ್ಟ್ ಟೂ ಬಂದದೆ!"

ಹೆಡ್ಡಿನ ಮುಖಕ್ಕೆ ಬಣ್ಣ ಮರಳಿತು. ಗಂಟಲಿನಲ್ಲಿ ಬಿಂದಿಗೆ ಎಳೆದರು. "ಈ ದನಿ ನಂದಲ್ಲ. ಇವಂದು."

ನನ್ನ ಕಲೆಗೆ ಇಲಾಖೆಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಗಲಾರದು. ಬೂಟು ತೋರಿಸಿದೆ. "ಇಲಾಖೆ ಬೂಟು, ಎಲ್ರದೂ ಒಂದೇಯ." ದೊಡ್ಡಮ್ಮನ ಚಪ್ಪಲಿ ತೋರಿಸಿದೆ. "ಇಂಥ ಚಪ್ಲಿ ಎರಡೂ ತಾಲ್ಲೂಕಲ್ಲಿ ಯಾರ್ ಆಕಲ್ಲ?" ವಿಡಿಯೊದ ದಿನಾಂಕ, ಹೊತ್ತು ತೋರಿಸಿದೆ. "ನೀನು ಮೊಬೈಲ್ ರಿಪೇರಿಯೋನು. ದಿನಾಂಕ ತಿದ್ದದು ನಿಂಗೆ ಕಡ್ಲೆಕಾಯಿ ಸುಲ್ದಂಗೆ." ನನ್ನ ಚಟ ಒಂದು ಕಡೆಯಿಂದ, ನನ್ನ ಕಸುಬು ಇನ್ನೊಂದು ಕಡೆಯಿಂದ ನನ್ನ ಕತ್ತು ಹಿಡಿದವು. ದೊಡ್ಡಮ್ಮ ಮಾತ್ರ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು "ಒತ್ತಕುಲ್ಲ" ಎಂದು ಎದ್ದು ಬಂದಳು.

ಹಾಗಾದರೆ ನಿಮ್ಮದೇ ಕ್ಯಾಮೆರಾ ತೆಗೆದು ನೋಡಿ ಎಂದು, ಸೋಮವಾರದ ದೃಶ್ಯ ಬೇಕೆಂದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಬಹಳ ದಿನ ಕಾಯಿಸಿ ಒಂದು ಸಾಲಿನ ಉತ್ತರ ಬಂತು: ಸದರಿ ದಿನದಂದು ಉಪಕರಣವು ದುರಸ್ತಿಯಲ್ಲಿದ್ದ ಕಾರಣ ದೃಶ್ಯಾವಳಿ ಲಭ್ಯವಿರುವುದಿಲ್ಲ. ಕೆಟ್ಟಿದ್ದರೆ ಅವತ್ತು ಕೆಂಪು ದೀಪ ಯಾಕೆ ಉರಿಯುತ್ತಿತ್ತು ಎಂದು ಹೋಗಿ ಕೇಳಿದೆ. "ದೀಪ ಬ್ಯಾರೆ, ರೆಕಾರ್ಡಿಂಗ್ ಬ್ಯಾರೆ" ಅಂದರು. ತೊಂದರೆಯೇನೆಂದರೆ ಅದು ನಿಜವಿರಬಹುದು. ದೀಪ ಉರಿಯುತ್ತಾ ಒಳಗೆ ಸತ್ತಿರುವ ಪೆಟ್ಟಿಗೆಗಳನ್ನು ನಾನೇ ವಾರಕ್ಕೆ ನಾಲ್ಕು ಬಿಚ್ಚುತ್ತೇನೆ. ನಿಜವಿರಬಹುದು ಅನ್ನುವುದೇ ಅನುಮಾನವನ್ನು ಜಾಸ್ತಿ ಮಾಡಿತು. ಹೆಡ್ಡು ದಾಯಾದಿಯ ಸ್ನೇಹಿತರೇ? ದೂರು ತೆಗೆದುಕೊಳ್ಳದೆ ಕಳಿಸಿದ್ದು ಮೇಲಿನವರಿಗೆ ಗೊತ್ತಾದರೆ ಎಂಬ ಭಯವೇ? ಅಥವಾ ಸೈಕಲ್ಲಿನ ಸಿಟ್ಟೇ? ಮೂರನ್ನೂ ರಾಟೆಯ ಹಾಗೆ ತಿರುಗಿಸಿ ನೋಡಿದೆ. ಇವತ್ತಿಗೂ ಗೊತ್ತಾಗಿಲ್ಲ.

ಆ ದಿನಗಳಲ್ಲಿ ನಾನು ಹೋಟೆಲಿಗೆ ಹೋದರೆ, ಠಾಣೆಯಲ್ಲೇ ಕದ್ದು ವಿಡಿಯೊ ತೆಗೆದವನು ಎಂದು ಜನ ಫೋನನ್ನು ಮಗುಚಿ ಇಡುತ್ತಿದ್ದರು. ನನ್ನ ಅಂಗಿಯ ಜೇಬನ್ನು ನೋಡದೆ ಯಾರೂ "ಟೀ ಆಯ್ತಾ" ಅಂತ ಕೂಡ ಕೇಳುತ್ತಿರಲಿಲ್ಲ. ನಾನೂ ಏನು ಕಡಿಮೆ, ಕೆಮ್ಮಿದವರನ್ನೆಲ್ಲ ತಿರುಗಿ ನೋಡುತ್ತಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಿಡಿಯೊವನ್ನು ಕೇಳಿ ಕೇಳಿ, ಕಡೆಕಡೆಗೆ ನನಗೇ ಒಂದು ಭಯ ಹುಟ್ಟಿತು. ಇದು ನಾನೇ ಇರಬಹುದೇ? ದೊಡ್ಡಮ್ಮನೂ ಒಂದು ದಿನ ಮೆಲ್ಲಗೆ ಕೇಳಿಯೇಬಿಟ್ಟಳು.

"ನಿಜ ಯೋಳ್ಲಾ. ಅದ್ರಲ್ಲಿ ಮಾತಾಡ್ತಿರೋನು ನೀನಲ್ಲ ತಾನೇ?"

"ದೊಡ್ಡಮ್ಮ, ನೀನೇ ಅಲ್ಲಿ ಎದುರಿಗೆ ನಿಂತಿದ್ಯಲ್ಲ!"

"ನಿಂತಿದ್ದೆ ಕಣ್ಲಾ. ಆದ್ರೂವೆ, ನಿನ್ನ ನಂಬಕಾದದಾ?"

ಅಷ್ಟರಲ್ಲಿ ದಾಯಾದಿ ಹೊಸ ಬದುವಿನವರೆಗೂ ನಾಟಿ ಮಾಡಿಸಿದ್ದ. ಮುಚ್ಚಳಿಕೆಗೆ ಬರದಿದ್ದರೆ ಕೇಸು ಮುಂದಕ್ಕೆ ಹೋಗುತ್ತದೆ ಎಂದು ಠಾಣೆಯಿಂದ ಎರಡು ಸಲ ಹೇಳಿಕಳಿಸಿದರು. ನಾವು ಮೇಲಿನ ಅಧಿಕಾರಿಗೆ ಅರ್ಜಿ ಕೊಟ್ಟೆವು, ಸೋಮವಾರ ಹೋಗಿದ್ದೆವು, ದೂರು ತೆಗೆದುಕೊಳ್ಳದೆ ವಾಪಸ್ ಕಳಿಸಿದರು, ವಿಡಿಯೊ ಇದೆ ಎಂದು. ವಿಚಾರಣೆಗೆ ಒಬ್ಬರು ಮೇಡಂ ಬಂದರು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಯಾರ ಕಡೆಗೂ ನಗುತ್ತಿರಲಿಲ್ಲ, ಹಾಗಾಗಿ ಎರಡೂ ಕಡೆಯವರು ಅವರನ್ನು ಎದುರು ಪಾರ್ಟಿಯ ಕಡೆಯವರೇ ಎಂದುಕೊಂಡೆವು.

ಅದೇ ಠಾಣೆಯ ಅದೇ ಕೋಣೆ, ಅದೇ ಫ್ಯಾನು. ಮೇಡಂ ಮೇಜಿನ ಹಿಂದೆ. ಅವರ ಪಕ್ಕ ಬರೆದುಕೊಳ್ಳಲು ಒಬ್ಬ ಮಹಿಳಾ ಪೇದೆ. ಎಡಕ್ಕೆ ಹೆಡ್ಡು, ಬಾಗಿಲ ಬಳಿ ದಾಯಾದಿ, ಎದುರಿಗೆ ನಾವಿಬ್ಬರು. ಮೇಜಿನ ಮೇಲೆ ಮುಚ್ಚಳಿಕೆ ಹಾಳೆ, ಅದರ ಪಕ್ಕ ಮುಚ್ಚಳ ತೆಗೆದಿಟ್ಟ ಇಂಕ್ ಪ್ಯಾಡು. ಆ ತೆರೆದ ಪ್ಯಾಡನ್ನು ನೋಡಿದ ಕೂಡಲೇ ನನಗೆ ಅನಿಸಿತು, ವಿಚಾರಣೆ ಮುಗಿದಿದೆ, ಈಗ ನಡೆಯುವುದು ಬರೀ ನಾಟಕ.

"ಸೋಮವಾರ ಈ ಅಮ್ಮ ಬಂದಿದ್ರಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಬಂದೇ ಇಲ್ಲ" ಅಂದರು ಹೆಡ್ಡು.

"ವಿಡಿಯೊ?"

"ಅದು ಇವ್ನ ಕಿತಾಪತಿ ಮೇಡಂ. ಮದ್ವೆ ಮನೇಲೆಲ್ಲ ನನ್ ದನಿ ಮಾಡ್ಕಂಡು ತಿರುಗ್ತನೆ."

ಮೇಡಂ ನನ್ನ ಫೋನನ್ನು ಕಿವಿಯ ಹತ್ತಿರ ಹಿಡಿದು ಮೂರು ಸಲ ಕೇಳಿದರು. ವಿಡಿಯೊದ ಫ್ಯಾನಿನ ಮೇಲೆ ಕೋಣೆಯ ಫ್ಯಾನೂ ಸೇರಿ ಹಿಟ್ಟು ಬೀಸಿದ ಹಾಗಾಗುತ್ತಿತ್ತು. "ಒಂದು ಮಾತೂ ನೆಟ್ಟಗೆ ಕೇಳಿಸ್ತಿಲ್ಲ" ಎಂದು ನನ್ನ ಕಡೆ ನೋಡಿದರು. "ನೀನು ಅಲ್ಲೇ ಇದ್ದೆಯಲ್ಲ. ಇವರು ಏನಂದ್ರು? ಹೇಳು."

ಅವರು ಅಂದದ್ದು "ಹೇಳು". ನನಗೆ ಕೇಳಿಸಿದ್ದು "ಮಾಡು".

ಒಂದು ಹೆಜ್ಜೆ ಮುಂದೆ ಹೋದೆ. ಮೇಜಿನ ಮೇಲಿದ್ದ ಮೇಡಂ ಅವರ ಪೆನ್ನನ್ನೇ ಎತ್ತಿಕೊಂಡೆ. ಹೊಟ್ಟೆ ಮುಂದೆ ತಳ್ಳಿದೆ, ಗಂಟಲಿನಲ್ಲಿ ಬಿಂದಿಗೆ ಎಳೆದೆ, ಟಿಕ್ ಟಿಕ್ ಅನ್ನಿಸಿದೆ.

"ಏಯ್ ಮುದ್ಕೀ! ಸಾಯೇಬ್ರಿಲ್ಲ. ಓಗು, ಓಗ್ತಾ ಇರು! ಇದೇನ್ ನಿನ್ ಅತ್ತೆ ಮನೆಯಾ, ಬಂದ್ ಕುಂತ್ಕಳಕೆ? ನಾಳೆ ಬಾ, ಓಗು!"

ಹೇಳಿಯೇಬಿಡುತ್ತೇನೆ, "ಮುದ್ಕಿ" ನಾನು ಸೇರಿಸಿದ್ದು. ಅತ್ತೆ ಮನೆಯೂ ನನ್ನದೇ. ಇದ್ದದ್ದನ್ನು ಇದ್ದ ಹಾಗೆ ಮಾಡಿದರೆ ಯಾವ ಪಂಕ್ತಿಯೂ ನಗುವುದಿಲ್ಲ, ಒಗ್ಗರಣೆ ಬೇಕೇಬೇಕು. ಮಹಿಳಾ ಪೇದೆ ಪುಸಕ್ಕನೆ ನಕ್ಕು ಬಾಯಿಗೆ ಕೈ ಇಟ್ಟುಕೊಂಡರು. ಬಾಗಿಲ ಬಳಿಯ ದಾಯಾದಿ ನಕ್ಕ. ಮೇಡಂ ತುಟಿಯೂ ಒಂದು ಕಡೆ ಎಳೆಯಿತು. ನಾನು ನಮಸ್ಕಾರ ಮಾಡುವುದೊಂದು ಬಾಕಿ.

ಮೇಡಂ ತಮ್ಮ ಪೆನ್ನನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು.

"ಇಷ್ಟು ಚೆನ್ನಾಗಿ ಮಾಡ್ತೀಯಲ್ಲ. ಹಾಗಾದ್ರೆ ಈ ವಿಡಿಯೊದಲ್ಲಿರೋದೂ ನೀನೇ ಯಾಕಾಗಿರಬಾರದು?"

ನನ್ನ ಬಾಯಿಂದಲೇ, ಸರ್ಕಾರದ ಮುಂದೆಯೇ, ಹೆಡ್ಡಿನ ಮಾತನ್ನು ನಾನೇ ರುಜುವಾತು ಮಾಡಿಕೊಟ್ಟಿದ್ದೆ. ಮೇಡಂ ಫೋನನ್ನು ನನ್ನ ಕಡೆಗೂ ಮುಚ್ಚಳಿಕೆಯ ಹಾಳೆಯನ್ನು ದೊಡ್ಡಮ್ಮನ ಕಡೆಗೂ ಸರಿಸಿದರು. "ನೋಡಮ್ಮ, ಬೇರೆ ಸಾಕ್ಷಿ ಇದ್ರೆ ಹೇಳಿ. ಇಲ್ಲದಿದ್ರೆ..." ಎಂದರು. ಮಹಿಳಾ ಪೇದೆ ಇಂಕ್ ಪ್ಯಾಡನ್ನು ಹತ್ತಿರ ತಂದಿಟ್ಟರು. ದೊಡ್ಡಮ್ಮ ನನ್ನನ್ನು ನೋಡಿದಳು. ಆ ನೋಟದ ಮಿಮಿಕ್ರಿ ಮಾಡುವ ತಾಕತ್ತು ನನಗಿಲ್ಲ. ಅವಳ ಕೈ ಮೇಜಿನ ಮೇಲೆ ಬಂತು. ಇಷ್ಟು ದಿನ ಮುಷ್ಟಿಯೊಳಗೆ ಅಡಗಿಸಿಟ್ಟುಕೊಂಡಿದ್ದ ಹೆಬ್ಬೆಟ್ಟು ಹೊರಗೆ ಬಂದಿತ್ತು.

ಹೆಡ್ಡು ಗೆದ್ದಿದ್ದರು. ಇನ್ನು ಅರ್ಧ ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಅವರ ಮುಖ ಗೆದ್ದವರ ಮುಖದಂತೆ ಇರಲಿಲ್ಲ. ಕಿವಿ ಕೆಂಪಾಗಿತ್ತು. ಮಹಿಳಾ ಪೇದೆ ಇನ್ನೂ ನಗು ತಡೆದುಕೊಳ್ಳುತ್ತಿದ್ದುದನ್ನೇ ನೋಡುತ್ತಿದ್ದರು. ಹೆಡ್ಡೂ ಈ ಸೀಮೆಯ ಹಳ್ಳಿಯವರೇ, ಹೆಣ್ಣು ಕೊಟ್ಟು ತಂದವರು. ವಯಸ್ಸಾದ ಹೆಂಗಸನ್ನು ಮುದ್ಕಿ ಅಂದರಂತೆ, ಏಕವಚನದಲ್ಲಿ ಗದರಿ ಓಡಿಸಿದರಂತೆ ಎಂಬ ಸುದ್ದಿ ಸಂಜೆಯೊಳಗೆ ಯಾವ ಯಾವ ಜಗಲಿಗೆ ಹೋಗುತ್ತದೆ ಎಂಬ ಲೆಕ್ಕ ಅವರ ಕಣ್ಣಿನಲ್ಲಿ ಓಡುತ್ತಿತ್ತು ಅಂತ ನನ್ನ ಊಹೆ.

"ಸುಳ್ಳು ಮೇಡಂ!" ಎಂದು ಕೂಗಿದರು. "ಅಪ್ಪಟ ಸುಳ್ಳು! ದೊಡ್ಡೋರ್ನ ನಾನು ಯಾವತ್ತೂ ಓಗು ಬಾ ಅಂದೋನಲ್ಲ. ನಮ್ಮವ್ವ ನಂಗೆ ಅಂಗೆ ಕಲ್ಸಿಲ್ಲ. ಇವ್ನು ಮರ್ವಾದೆ ತೆಗಿತಾವ್ನೆ ಮೇಡಂ! ಈಯಮ್ಮಂಗೆ ನಾನಂದಿದ್ದು 'ಸಾಯೇಬ್ರು ಬಂದೋಬಸ್ತ್‌ಗೆ ಓಗವ್ರೆ ತಾಯಿ, ಈಗ ಓಗಿ, ನಾಳಿಕ್ ಬನ್ನಿ' ಅಂತ. ಓಗಿ ಅಂದೆ! ತಾಯಿ ಅಂದೆ!"

ಅದು ನಿಜ. ಅವತ್ತು ಅವರು ಅಂದದ್ದು ಅಕ್ಷರಕ್ಕೆ ಅಕ್ಷರ ಅದೇ. ಒಂದೂ ಒರಟು ಮಾತಿರಲಿಲ್ಲ. ಆ ಎರಡು ನಿಮಿಷದ ಫ್ಯಾನಿನ ಸದ್ದಿನೊಳಗೆ ಹೂತುಹೋಗಿದ್ದ ಮಾತು ಈಗ ಕೋಣೆಯ ನಡುವೆ, ಅದೇ ಬಿಂದಿಗೆಯ ಸದ್ದಿನ ಸಮೇತ, ಅದರ ಒಡೆಯರ ಬಾಯಿಂದಲೇ ಬಂದಿತ್ತು. ಮಹಿಳಾ ಪೇದೆಯ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಬಾಗಿಲ ಬಳಿ ದಾಯಾದಿ ನಗುವುದನ್ನು ನಿಲ್ಲಿಸಿದ. ಹೆಡ್ಡಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ. ಮಾನ ಉಳಿಸಿಕೊಂಡ ಸಮಾಧಾನದಲ್ಲಿ ಏದುಸಿರು ಬಿಡುತ್ತಾ, ಈಗಲಾದರೂ ನೀವೇ ಹೇಳಿ ಎನ್ನುವ ಹಾಗೆ ದೊಡ್ಡಮ್ಮನ ಕಡೆಗೇ ತಿರುಗಿದರು.

ದೊಡ್ಡಮ್ಮನ ದೂರಿಗೆ ಸೋಮವಾರದ ತಾರೀಖು ಬಿದ್ದದ್ದು, ಮುಚ್ಚಳಿಕೆಯ ಹಾಳೆಯನ್ನು ಮೇಡಂ ಎರಡಾಗಿ ಮಡಿಚಿ ತಮ್ಮ ಫೈಲಿನೊಳಗೆ ಇಟ್ಟುಕೊಂಡದ್ದು, ಸರ್ವೆಯವರು ಸರಪಳಿ ಹಿಡಿದು ಬಂದು ಕಲ್ಲನ್ನು ಹಳೆಯ ಜಾಗದಲ್ಲೇ ನೆಟ್ಟದ್ದು, ಇವೆಲ್ಲ ಆಮೇಲೆ, ಒಂದೊಂದಾಗಿ, ಸರ್ಕಾರಿ ವೇಗದಲ್ಲಿ ಆದವು. ವಿಷಯ ಮುಗಿದದ್ದು ಮಾತ್ರ ಅವತ್ತೇ, ಆ ಕೋಣೆಯಲ್ಲೇ. ದೊಡ್ಡಮ್ಮ ಇಂಕ್ ಪ್ಯಾಡಿನ ಮುಚ್ಚಳ ಎತ್ತಿ, ಅದನ್ನು ಪ್ಯಾಡಿನ ಮೇಲೆ ಮುಚ್ಚಿ, ಹೆಡ್ಡಿನ ಮುಖ ನೋಡಿ ಕೇಳಿದಳು:

"ನಾನು ಬಂದೇ ಇರ್ನಿಲ್ವಂತಲ್ಲಪ್ಪಾ. ಮತ್ತೆ 'ಓಗಿ ತಾಯಿ' ಅಂತ ಯಾವ ತಾಯಿಗಂದೆ?"